ಶನಿವಾರ ಮಗಳ ಮೊದಲ ಫೆನ್ಸಿಂಗ್ ಕ್ಲಾಸ್, ಏನೇನು ತಯಾರಿ ಮಾಡಿಸಬೇಕು?

ಮಲ್ಲೇಶ್ವರದ ಅಮ್ಮ
ಮಂಗಳವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ಅವಳ ಶಾಲೆಯ ಹುಡುಗಿಯೊಬ್ಬಳು ಬಿಳಿ ಜಾಕೆಟ್ ಹಾಕಿಕೊಂಡು, ಜಾಲರಿ ಮಾಸ್ಕ್ ಕಂಕುಳಲ್ಲಿ ಇಟ್ಟುಕೊಂಡು ನಿಂತಿರುವ ಫೋಟೊ ತೋರಿಸಿದಳಂತೆ. ಅವತ್ತಿನಿಂದ ಒಂದೇ ಹಟ, ನಾನೂ ಫೆನ್ಸಿಂಗ್‌ಗೆ, ಅಂದರೆ ಆ ಕತ್ತಿ ಆಟಕ್ಕೆ, ಹೋಗಬೇಕು. ಮರೆಯುತ್ತಾಳೆ ಅಂದುಕೊಂಡು ಒಂದು ತಿಂಗಳು ಸುಮ್ಮನಿದ್ದೆ. ಮರೆಯಲಿಲ್ಲ. ಮನೆ ಹತ್ತಿರದ ಒಂದು ಕ್ಲಾಸ್‌ಗೆ ಹೆಸರು ಬರೆಸಿದ್ದೇವೆ. ಈ ಶನಿವಾರ ಬೆಳಗ್ಗೆ ಮೊದಲ ದಿನ.

ನಮ್ಮ ಮನೆಯಲ್ಲಿ ಈ ಆಟ ಆಡಿದವರು ಯಾರೂ ಇಲ್ಲ. ಕೋಚ್ ಫೋನಿನಲ್ಲಿ "ಟ್ರ್ಯಾಕ್ ಪ್ಯಾಂಟ್ ಹಾಕಿಸಿ, ನೀರು ಕಳಿಸಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ" ಅಂದರು. ಅಷ್ಟೇ ಸಾಕಾ? ಶೂ ಯಾವ ಥರದ್ದು? ಸಾಮಾನು ಈಗಲೇ ಕೊಳ್ಳಬೇಕಾ?

ನನ್ನ ದೊಡ್ಡ ಭಯ ಇದ್ಯಾವುದೂ ಅಲ್ಲ. ಕತ್ತಿ ಅಲ್ವಾ, ಏಟು ಬಿದ್ದರೆ? ಅವಳು ತುಂಬ ಮೆದು. ಯಾರಾದರೂ ಸ್ವಲ್ಪ ಗಟ್ಟಿಯಾಗಿ ಮಾತಾಡಿದರೂ ಕಣ್ಣಲ್ಲಿ ನೀರು ಬರುತ್ತದೆ. ಅಜ್ಜಿ ಮಾತ್ರ ಈಗಾಗಲೇ "ಬಾರೇ ಒನಕೆ ಓಬವ್ವ" ಅಂತ ಕರೆಯಲು ಶುರು ಮಾಡಿದ್ದಾರೆ.

ವಿಜಯನಗರದ ಅಪ್ಪ
ಮಂಗಳವಾರ ರಾತ್ರಿ 10.55

ನಮಸ್ಕಾರ ಮೇಡಂ. ಮಗನನ್ನು ಮೂರು ವರ್ಷದಿಂದ ಕರೆದುಕೊಂಡು ಹೋಗುತ್ತಿದ್ದೇನೆ. ಅವನಿಗೀಗ ಹನ್ನೊಂದು, ಫಾಯಿಲ್ ಅನ್ನುವ ಹಗುರ ಕತ್ತಿಯಲ್ಲಿ ಆಡುತ್ತಾನೆ. ಶುರುವಿನಲ್ಲಿ ನನಗೆ ಗೊತ್ತಿಲ್ಲದೆ ಒದ್ದಾಡಿದ್ದನ್ನೆಲ್ಲ ಇಲ್ಲಿ ಬರೆಯುತ್ತೇನೆ.

ಮೊದಲು ಭಯದ ವಿಷಯ. ಇದು ಹರಿತವಾದ ಕತ್ತಿಯಲ್ಲ. ಫಾಯಿಲ್‌ನ ಅಲಗು ಏನನ್ನೂ ಕೊಯ್ಯುವುದಿಲ್ಲ. ತುದಿ ಮೊಂಡು, ಕಲಿಯುವ ಮಕ್ಕಳದ್ದಕ್ಕೆ ರಬ್ಬರ್ ಮುಚ್ಚಳ ಇರುತ್ತದೆ. ಮೈಗೆ ತಾಗಿದ ಕೂಡಲೇ ಅಲಗು ಬಿಲ್ಲಿನ ಹಾಗೆ ಬಾಗುತ್ತದೆ, ತಿವಿತದ ಬಲ ಅಲ್ಲೇ ಅರ್ಧ ಹೋಗುತ್ತದೆ. ಇಡೀ ಫಾಯಿಲ್‌ನ ತೂಕ 500 ಗ್ರಾಂ ದಾಟಬಾರದು ಅಂತ ನಿಯಮವಿದೆ. ದೊಡ್ಡವರ ಅಲಗಿನ ಉದ್ದ ಹೆಚ್ಚೆಂದರೆ 90 ಸೆಂಟಿಮೀಟರ್. ಮಕ್ಕಳದ್ದು ಅದಕ್ಕಿಂತ ಗಿಡ್ಡ, ಸೊನ್ನೆ ನಂಬರ್, ಎರಡನೇ ನಂಬರ್ ಅಂತ ಕರೆಯುತ್ತಾರೆ.

ಕತ್ತಿಗಿಂತ ಮಾಸ್ಕ್ ಕಡೆ ನಿಮ್ಮ ಗಮನ ಇರಲಿ. 1982ರಲ್ಲಿ ರೋಮ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯುವಾಗ ಎದುರಾಳಿಯ ಅಲಗು ಮುರಿದು ಮಾಸ್ಕ್ ತೂರಿ, ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಸ್ಮಿರ್ನೋವ್ ತೀರಿಕೊಂಡರು. ಅವರು 1980ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು. ಹೆದರಿಸಲು ಹೇಳುತ್ತಿಲ್ಲ. ಆ ಸಾವಿನ ನಂತರವೇ ಮಾಸ್ಕ್‌ನ ಜಾಲರಿ, ಜಾಕೆಟ್‌ನ ಬಟ್ಟೆ, ಅಲಗಿನ ಉಕ್ಕು ಎಲ್ಲದಕ್ಕೂ ನಿಯಮ ಬಿಗಿಯಾಯಿತು. ಜಾಕೆಟ್ ಮೇಲೆ 350, 800 ಅಂತ ಬರೆದಿರುತ್ತದೆ, ನೋಡಿ. ಆ ಬಟ್ಟೆ ಎಷ್ಟು ನ್ಯೂಟನ್ ಬಲ ತಡೆಯುತ್ತದೆ ಅನ್ನುವ ಲೆಕ್ಕ ಅದು. ಇವತ್ತು ನಮ್ಮ ಮಕ್ಕಳು ನೆಮ್ಮದಿಯಾಗಿ ಆಡುತ್ತಿರುವುದು ಆ ಬದಲಾವಣೆಯಿಂದ.

ಶೂ: ಓಡುವ ಶೂ ಬೇಡ. ಅದರ ಹಿಮ್ಮಡಿ ದಪ್ಪ, ಮುಂದೆ ಚಾಚಿ ಕಾಲಿಟ್ಟಾಗ ಪಾದ ಪಕ್ಕಕ್ಕೆ ಹೊರಳುತ್ತದೆ. ಬ್ಯಾಡ್ಮಿಂಟನ್ ಶೂ ಇದ್ದರೆ ಅದೇ ಸಾಕು. ನೆಲಕ್ಕೆ ಕಪ್ಪು ಗೆರೆ ಬೀಳದ ಅಟ್ಟೆ ಇರಬೇಕು. ಮನೆಯಿಂದಲೇ ಹಾಕಿಕೊಂಡು ಹೋಗಿ ರಸ್ತೆಯ ಮಣ್ಣು ತರಬೇಡಿ, ಚೀಲದಲ್ಲಿ ಒಯ್ಯಿರಿ. ಮಣ್ಣು ಮೆತ್ತಿದ ಅಟ್ಟೆ ಮರದ ನೆಲದ ಮೇಲೆ ಜಾರುತ್ತದೆ.

ಬಟ್ಟೆ: ಪೂರ್ತಿ ಕಾಲು ಮುಚ್ಚುವ ಟ್ರ್ಯಾಕ್ ಪ್ಯಾಂಟ್, ಜೇಬಿಗೆ ಜಿಪ್ ಇಲ್ಲದ್ದು. ತುದಿ ಸಿಕ್ಕಿಹಾಕಿಕೊಳ್ಳುವಂಥದ್ದು ಮೈಮೇಲೆ ಏನೂ ಇರಬಾರದು. ಹತ್ತಿಯ ಟೀ ಶರ್ಟ್, ಮೊಣಕಾಲಿನವರೆಗೆ ಬರುವ ಕಾಲುಚೀಲ. ಓಲೆ, ಬಳೆ, ಸರ, ಕೈಗೆ ಕಟ್ಟಿದ ದಾರ ಎಲ್ಲ ಮನೆಯಲ್ಲೇ ಬಿಚ್ಚಿಡಿ. ಜಡೆಯನ್ನು ಕೆಳಗೆ, ಕತ್ತಿನ ಹತ್ತಿರ ಹಾಕಿ. ನೆತ್ತಿ ಮೇಲೆ ಜುಟ್ಟು ಕಟ್ಟಿದರೆ ಮಾಸ್ಕ್ ಕೂರುವುದೇ ಇಲ್ಲ.

ಸಾಮಾನು ಈಗ ಏನೂ ಕೊಳ್ಳಬೇಡಿ. ಎರಡು ಮೂರು ತಿಂಗಳು ಕ್ಲಾಸಿನದ್ದೇ ಬಳಸಲಿ. ಆಮೇಲೆ ಮೊದಲು ಗ್ಲೋವ್, ಯಾಕೆಂದರೆ ಇನ್ನೊಬ್ಬರ ಬೆವರಿನ ಗ್ಲೋವ್ ಯಾವ ಮಗುವಿಗೂ ಇಷ್ಟವಾಗುವುದಿಲ್ಲ. ಅದೂ ಒಂದೇ, ಕತ್ತಿ ಹಿಡಿಯುವ ಕೈಗೆ ಮಾತ್ರ. ಆಮೇಲೆ ಮಾಸ್ಕ್. ಕತ್ತಿ ಕೊನೆಗೆ.

ಜೆ.ಪಿ. ನಗರದ ಅಕ್ಕ
ಬುಧವಾರ ಬೆಳಗ್ಗೆ 7.15

ಮೇಲಿನವರು ಮಾಸ್ಕ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಅನುಭವ ಅಷ್ಟು ಒಳ್ಳೆಯದಲ್ಲ, ಆದರೂ ಹೇಳಲೇಬೇಕು. ನನ್ನ ಮಗ ಏಳನೇ ವರ್ಷಕ್ಕೆ ಒಂದು ಕಡೆ ಸೇರಿದ್ದ. ಒಬ್ಬ ಕೋಚ್‌ಗೆ ಇಪ್ಪತ್ತೈದು ಮಕ್ಕಳು. ಚಿಕ್ಕ ಮಾಸ್ಕ್ ಖಾಲಿಯಾಗಿದೆ ಅಂತ ದೊಡ್ಡವರದ್ದು ಹಾಕಿ ನಿಲ್ಲಿಸಿದರು. ಅವನು ಬಗ್ಗಿದಾಗ ಮಾಸ್ಕ್ ಮೇಲಕ್ಕೆ ಜರುಗಿತು, ಎದುರಿನ ಹುಡುಗನ ತುದಿ ಗಲ್ಲಕ್ಕೆ ತಾಗಿ ಗೀರಿತು. ದೊಡ್ಡ ಗಾಯವೇನೂ ಆಗಲಿಲ್ಲ. ಆದರೆ ಅವನ ಧೈರ್ಯ ಹೋಯಿತು. ನಾಲ್ಕು ತಿಂಗಳಿಗೆ ಬಿಟ್ಟೇಬಿಟ್ಟ.

ಅದಕ್ಕೇ ಹೇಳುತ್ತೇನೆ ತಂಗಿ, ಮಾಸ್ಕ್ ಹಾಕಿದ ಮೇಲೆ ಅವಳು ಹೌದು ಅಂತ, ಅಲ್ಲ ಅಂತ ಜೋರಾಗಿ ತಲೆ ಆಡಿಸಲಿ. ನೆಲ ನೋಡಿಕೊಂಡು ಎರಡು ಸಲ ಕುಪ್ಪಳಿಸಲಿ. ಮಾಸ್ಕ್ ಅಲುಗಿದರೆ ಆಡುವುದು ಬೇಡ. ಕತ್ತಿನ ಮುಂದೆ ಇಳಿಬೀಳುವ ದಪ್ಪ ಬಟ್ಟೆ ಸರಿಯಾಗಿ ಮುಚ್ಚಿದೆಯಾ ನೋಡಿ. ಒಂದು ಬ್ಯಾಚಿನಲ್ಲಿ ಎಷ್ಟು ಮಕ್ಕಳು ಅಂತ ಕೇಳಿ. ಕೇಳಲು ನನಗೆ ಆಗ ಸಂಕೋಚವಾಗಿತ್ತು, ನಿಮಗೆ ಬೇಡ.

ಒಂದು ಮಾತು. ಏಳೆಂಟು ವರ್ಷ ಸ್ವಲ್ಪ ಬೇಗ ಅಂತ ನನಗೆ ಈಗಲೂ ಅನ್ನಿಸುತ್ತದೆ. ಎರಡು ವರ್ಷ ಈಜು, ಜಿಮ್ನಾಸ್ಟಿಕ್ಸ್ ಮಾಡಿಸಿ ಆಮೇಲೆ ಕಳಿಸಿದ್ದರೆ ನಮ್ಮವನು ನಿಲ್ಲುತ್ತಿದ್ದ.

ಕೆಂಗೇರಿ ಪಿ.ಟಿ. ಮೇಷ್ಟ್ರು
ಬುಧವಾರ ಮಧ್ಯಾಹ್ನ 1.20

ನಾನು ಶಾಲೆಯಲ್ಲಿ ದೈಹಿಕ ಶಿಕ್ಷಕ. ಫೆನ್ಸಿಂಗ್ ಕೋಚ್ ಅಲ್ಲ, ಆದರೆ ನಮ್ಮ ಮಕ್ಕಳು ಕೆಲವರು ಆಡುತ್ತಾರೆ. ಜೆ.ಪಿ. ನಗರದ ಮೇಡಂ ಹೇಳಿದ ವಯಸ್ಸಿನ ವಿಷಯ ಪೂರ್ತಿ ಒಪ್ಪುವುದಿಲ್ಲ. ಎಂಟಕ್ಕೆ ಶುರು ಮಾಡಬಹುದು. ಆದರೆ ಆ ವಯಸ್ಸಿನಲ್ಲಿ ಅದು ಮುಕ್ಕಾಲು ಪಾಲು ಕಾಲಿನ ಆಟ ಆಗಿರಬೇಕು. ಮೊದಲ ದಿನವೇ ಕತ್ತಿ ಕೊಟ್ಟು ಬಿಟ್ಟುಬಿಡುವ ಜಾಗ ಸರಿಯಲ್ಲ.

ಶನಿವಾರಕ್ಕೆ ಮೂರು ದಿನ ಇದೆ. ಮನೆಯಲ್ಲಿ ಕತ್ತಿವರಸೆ ಕಲಿಸಲು ಹೋಗಬೇಡಿ. ಕೋಲು ಕೊಟ್ಟು ತಮ್ಮನ ಜೊತೆ ಆಡಿಸುವುದಂತೂ ಬೇಡವೇ ಬೇಡ. ಮಾಸ್ಕ್ ಇಲ್ಲದವರ ಕಡೆ ಏನನ್ನೂ ಚಾಚಬಾರದು, ಪೆನ್ಸಿಲ್ ಕೂಡ. ಈ ಒಂದು ಮಾತು ತಲೆಗೆ ಹೋದರೆ ಅರ್ಧ ಪಾಠ ಮುಗಿಯಿತು.

ಬದಲಿಗೆ ಕುಂಟೆಬಿಲ್ಲೆ ಆಡಿಸಿ. ತಮಾಷೆಗಲ್ಲ, ನಿಜವಾಗಿ ಹೇಳುತ್ತಿದ್ದೇನೆ. ಒಂಟಿ ಕಾಲಲ್ಲಿ ನಿಂತು, ಬಗ್ಗಿ ಬಿಲ್ಲೆ ಎತ್ತಿ, ಗೆರೆ ಮೆಟ್ಟದೆ ವಾಪಸ್ ಬರುವುದರಲ್ಲಿ ಸಮತೋಲ, ಪಾದದ ಬಲ, ಅಂತರದ ಅಳತೆ ಎಲ್ಲ ಇದೆ. ಇನ್ನೊಂದು ಆಟ: ನೀವು ಎದೆಯ ಎತ್ತರದಲ್ಲಿ ಒಂದು ಕಾಲುಚೀಲ ಹಿಡಿದು, ಹೇಳದೆ ಕೇಳದೆ ಬಿಡಿ. ಅವಳು ಒಂದು ಹೆಜ್ಜೆ ದೂರದಿಂದ ಕೈ ಚಾಚಿ ನೆಲ ಮುಟ್ಟುವ ಮೊದಲು ಹಿಡಿಯಬೇಕು. ಕ್ಲಾಸಿನಲ್ಲಿ ಗ್ಲೋವ್ ಇಟ್ಟುಕೊಂಡು ಇದನ್ನೇ ಆಡಿಸುತ್ತಾರೆ.

ಅಲ್ಲಿ ಕಲಿಸುವ ಮೊದಲ ನಿಲುವು ಹೀಗಿರುತ್ತದೆ. ಮುಂದಿನ ಪಾದದ ಬೆರಳು ಎದುರಾಳಿಯ ಕಡೆ, ಹಿಂದಿನ ಪಾದ ಅದಕ್ಕೆ ಅಡ್ಡಲಾಗಿ, ಎರಡು ಹಿಮ್ಮಡಿಯೂ ಒಂದೇ ಗೆರೆಯಲ್ಲಿ, ಮಂಡಿ ಮಡಚಿ ಕುಳಿತ ಹಾಗೆ. ಚಾಚಿ ಹೆಜ್ಜೆ ಇಡುವುದಕ್ಕೆ ಲಂಜ್ ಅನ್ನುತ್ತಾರೆ. ಆಗ ಮುಂದಿನ ಮಂಡಿ ಪಾದದ ನೇರಕ್ಕೇ ಇರಬೇಕು, ಒಳಕ್ಕೆ ವಾಲಬಾರದು. ಇದನ್ನು ನೀವು ಹೊರಗಿನಿಂದ ನೋಡಿಯೇ ಗುರುತಿಸಬಹುದು. ಇದು ಒಂದೇ ಮಗ್ಗುಲಿನ ಆಟ, ಬಲಗೈಯವರಿಗೆ ಬಲಗಾಲೇ ಯಾವಾಗಲೂ ಮುಂದೆ. ಅದಕ್ಕೆ ಮನೆಗೆ ಬಂದ ಮೇಲೆ ಎಡಗಾಲು ಮುಂದಿಟ್ಟು ಐದು ನಿಮಿಷ ಅದೇ ಹೆಜ್ಜೆ ಹಾಕಿಸಿ. ಮಂಡಿ ಅಥವಾ ಹಿಮ್ಮಡಿ ನೋಯುತ್ತಿದೆ ಅಂದರೆ ಅವತ್ತು ಆಟ ಬೇಡ.

ಎಡಗೈ ಹುಡುಗಿ
ಬುಧವಾರ ರಾತ್ರಿ 11.05

ಆಂಟಿ, ನಾನು ಈಗ ಡಿಗ್ರಿ ಎರಡನೇ ವರ್ಷ. ಒಂಬತ್ತನೇ ವಯಸ್ಸಿಗೆ ಶುರು ಮಾಡಿ ಎಂಟು ವರ್ಷ ಆಡಿದ್ದೇನೆ. ದೊಡ್ಡವರು ಶೂ, ಮಂಡಿ ಎಲ್ಲ ಹೇಳಿದ್ದಾರೆ. ಮಾಸ್ಕ್ ಒಳಗಿನಿಂದ ಹೇಗಿರುತ್ತದೆ ಅಂತ ನಾನು ಹೇಳುತ್ತೇನೆ, ಯಾಕೆಂದರೆ ನಿಮ್ಮ ಮಗಳ ಹಾಗೆ ನಾನೂ ಬೇಗ ಅಳುತ್ತಿದ್ದೆ.

ಮಾಸ್ಕ್ ಹಾಕಿದ ಕೂಡಲೇ ಲೋಕ ಸ್ವಲ್ಪ ಕಪ್ಪಾಗುತ್ತದೆ. ಸೊಳ್ಳೆಪರದೆ ಒಳಗೆ ಕೂತ ಹಾಗೆ. ನಮ್ಮ ಉಸಿರಿನ ಸದ್ದೇ ನಮಗೆ ದೊಡ್ಡದಾಗಿ ಕೇಳಿಸುತ್ತದೆ. ಸೆಕೆ. ಕೆಲವು ಮಕ್ಕಳಿಗೆ ಇದಕ್ಕೇ ಗಾಬರಿ ಆಗುತ್ತದೆ. ಮೊದಲೇ ಹೇಳಿಟ್ಟರೆ ಆಗುವುದಿಲ್ಲ. ಮನೆಯಲ್ಲಿ ಹಿಟ್ಟಿನ ಜರಡಿ ಮುಖದ ಮುಂದೆ ಹಿಡಿದು ನೋಡಲಿ, ಹೆಚ್ಚು ಕಡಿಮೆ ಹಾಗೇ ಕಾಣುತ್ತದೆ.

ಇನ್ನು ನೋವು. "ನೋವೇ ಆಗಲ್ಲ ಕಂದ" ಅಂತ ದಯವಿಟ್ಟು ಹೇಳಬೇಡಿ. ನನ್ನ ಅಮ್ಮ ಹಾಗೆ ಹೇಳಿದ್ದರು. ಮೊದಲ ಸಲ ತೋಳಿನ ಒಳಭಾಗಕ್ಕೆ ತಿವಿದಾಗ ನನಗೆ ನೋವಿಗಿಂತ ಜಾಸ್ತಿ ಆಗಿದ್ದು ಮೋಸ ಹೋದೆ ಅನ್ನುವ ಬೇಜಾರು. ನಿಜ ಹೇಳಿ. ಜಾಕೆಟ್ ಮೇಲೆ ಯಾರೋ ಬೆರಳಿನಿಂದ ಗಟ್ಟಿಯಾಗಿ ಕುಕ್ಕಿದ ಹಾಗೆ ಇರುತ್ತದೆ. ಕೆಲವು ಸಲ ನಾಣ್ಯದಷ್ಟು ನೀಲಿ ಕಲೆ ಬೀಳುತ್ತದೆ, ನಾಲ್ಕು ದಿನಕ್ಕೆ ಹೋಗುತ್ತದೆ. ನೋವು ಜಾಸ್ತಿ ಆದರೆ ಹಿಂದೆ ಸರಿದು, ಖಾಲಿ ಕೈ ಮೇಲೆತ್ತಿದರೆ ಆಟ ನಿಲ್ಲಿಸುತ್ತಾರೆ. ನಿಲ್ಲಿಸು ಅಂತ ಕೇಳುವ ಹಕ್ಕು ತನಗಿದೆ ಅಂತ ಅವಳಿಗೆ ಗೊತ್ತಿರಬೇಕು. ಅಜ್ಜಿಗೂ ಕಲೆಯ ವಿಷಯ ಮೊದಲೇ ಹೇಳಿಬಿಡಿ. ಸ್ನಾನ ಮಾಡಿಸುವಾಗ ನೋಡಿ ನಮ್ಮಜ್ಜಿ ಗೋಳಾಡಿದ್ದು ನನಗೆ ಇನ್ನೂ ನೆನಪಿದೆ. ಹುಡುಗಿಯರಿಗೆ ಜಾಕೆಟ್ ಒಳಗೆ ಎದೆಗೆ ಗಟ್ಟಿ ಪ್ಲಾಸ್ಟಿಕ್ ಕವಚ ಕೊಡುತ್ತಾರೆ, ಕೊಡದಿದ್ದರೆ ಕೇಳಿ ಪಡೆಯಿರಿ.

ನನಗೆ ತುಂಬ ಇಷ್ಟವಾದದ್ದು ಬೇರೆ. ಪಂದ್ಯದಲ್ಲಿ ತಾಗಿದ್ದನ್ನು ತೋರಿಸುವ ದೀಪ, ವೈರ್ ಕಲಿಯುವಾಗ ಏನೂ ಇರುವುದಿಲ್ಲ. ತಿವಿಸಿಕೊಂಡವರೇ "ಹೌದು, ತಾಗಿತು" ಅಂತ ಹೇಳಬೇಕು. ಒಂಬತ್ತು ವರ್ಷದ ಹುಡುಗಿಗೆ ಅದು ಎಷ್ಟು ಕಷ್ಟ ಗೊತ್ತಾ? ಇದನ್ನು ನೀವು ಮನೆಯಲ್ಲೇ ಅಭ್ಯಾಸ ಮಾಡಿಸಬಹುದು. ಮುಟ್ಟಾಟ ಆಡಿ. ಅವಳು ನಿಮ್ಮ ಮಂಡಿ ಮುಟ್ಟಲಿ, ನೀವು ಅವಳದ್ದು. ಮುಟ್ಟಿಸಿಕೊಂಡವರು ತಾವೇ ಬಾಯಿಬಿಟ್ಟು ಹೇಳಬೇಕು. ಮೊದಲು ನೀವು ಸೋತು ಹೇಳಿ ತೋರಿಸಿ.

ಕೆಲವು ಪದ ಅವಳ ಕಿವಿಗೆ ಬಿದ್ದಿರಲಿ. "ಆನ್ ಗಾರ್ಡ್" ಅಂದರೆ ನಿಲುವಿಗೆ ಬಾ, "ಪ್ರೆ" ಅಂದರೆ ತಯಾರಾ, "ಅಲೇ" ಅಂದರೆ ಶುರು, "ಹಾಲ್ಟ್" ಅಂದರೆ ತಕ್ಷಣ ನಿಲ್ಲು. ಎಲ್ಲ ಫ್ರೆಂಚ್. ಹಾಲ್ಟ್ ಅಂದ ಮೇಲೆ ತುದಿ ನೆಲದ ಕಡೆ ಇಳಿಸಿ, ಆಮೇಲೆ ಮಾಸ್ಕ್ ತೆಗೆಯಬೇಕು. ಈ ಕ್ರಮ ಯಾವತ್ತೂ ತಪ್ಪಬಾರದು.

ಅವಳು ಎಡಗೈಯವಳಾದರೆ ಮೊದಲೇ ಕೋಚ್‌ಗೆ ಹೇಳಿ. ಜಾಕೆಟ್‌ನ ಜಿಪ್ ಕತ್ತಿ ಹಿಡಿಯದ ಕೈಯ ಕಡೆ ಇರಬೇಕು, ಹಾಗಾಗಿ ಎಡಗೈಯವರ ಜಾಕೆಟ್ಟೇ ಬೇರೆ. ನನಗೆ ಎರಡು ತಿಂಗಳು ಬಲಗೈಯವರದ್ದೇ ಹಾಕಿಸಿದ್ದರು. ಮನೆಯಲ್ಲಿ ಯಾರಾದರೂ ಬಲಗೈಯಲ್ಲೇ ಹಿಡಿ ಅಂದರೆ ಕೇಳಬೇಡಿ. ಈ ಆಟದಲ್ಲಿ ಎಡಗೈ ಒಂದು ವರ.

ಬನಶಂಕರಿ ತಾತ
ಗುರುವಾರ ಬೆಳಗ್ಗೆ 5.50

ಮೊಮ್ಮಗನನ್ನು ವಾರಕ್ಕೆ ಎರಡು ದಿನ ಕರೆದುಕೊಂಡು ಹೋಗುವವನು ನಾನೇ. ತಿಂಡಿ ವಿಷಯ ಯಾರೂ ಹೇಳಿಲ್ಲ. ಹೊಟ್ಟೆ ಬಿರಿಯ ತಿಂದು ಹೋದರೆ ಮಂಡಿ ಮಡಚಿ ನಿಲ್ಲಲು ಆಗುವುದಿಲ್ಲ. ಒಂದೂವರೆ ಎರಡು ಗಂಟೆ ಮೊದಲು ಸ್ವಲ್ಪ ಅವಲಕ್ಕಿ ಅಥವಾ ಎರಡು ಇಡ್ಲಿ. ಹೊರಡುವಾಗ ಅರ್ಧ ಬಾಳೆಹಣ್ಣು. ಜಾಕೆಟ್ ದಪ್ಪ, ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗೆ ಮಗು ತೊಯ್ದು ತೊಪ್ಪೆಯಾಗುತ್ತದೆ. ಒಂದು ಲೀಟರ್ ನೀರು, ಒಣ ಬನಿಯನ್, ಟವೆಲ್ ಇಡಿ. ಅರ್ಧ ಗಂಟೆ ಮುಂಚೆ ಹೋಗಿ. ಟ್ರಾಫಿಕ್‌ನಲ್ಲಿ ಸಿಕ್ಕಿ ಓಡಿ ಬಂದ ಮಗುವಿಗೆ ಮೊದಲ ದಿನ ಏನೂ ತಲೆಗೆ ಹೋಗುವುದಿಲ್ಲ.

ಭವಾನಿ ದೇವಿಯವರ ಕಥೆ ಹೇಳಿ ಆ ಮಗುವಿಗೆ. ಚೆನ್ನೈ ಹುಡುಗಿ. 2004ರಲ್ಲಿ ಶಾಲೆಯಲ್ಲಿ ಬೇರೆ ಆಟಗಳೆಲ್ಲ ಭರ್ತಿಯಾಗಿ ಫೆನ್ಸಿಂಗ್ ಉಳಿದಿತ್ತು ಅಂತ ಇದಕ್ಕೆ ಸೇರಿದವರು. ಶುರುವಿನಲ್ಲಿ ಬಿದಿರು ಕೋಲಿನಲ್ಲೇ ಅಭ್ಯಾಸ. ಭಾರತದಿಂದ ಒಲಿಂಪಿಕ್ಸ್‌ಗೆ ಹೋದ ಮೊದಲ ಫೆನ್ಸಿಂಗ್ ಆಟಗಾರ್ತಿ ಅವರೇ. 2021ರ ಜುಲೈ 26ರ ಬೆಳಗ್ಗೆ ನಾನೂ ಮೊಮ್ಮಗನೂ ಟಿ.ವಿ. ಮುಂದೆ ಕೂತಿದ್ದೆವು. ಟ್ಯುನಿಷಿಯಾದ ಆಟಗಾರ್ತಿಯನ್ನು 15-3ರಿಂದ ಗೆದ್ದರು, ಮುಂದಿನ ಸುತ್ತಿನಲ್ಲಿ ಫ್ರಾನ್ಸಿನ ಮನೋನ್ ಬ್ರೂನೆ ಎದುರು 7-15ರಿಂದ ಸೋತರು. ಎರಡು ವರ್ಷದ ಮೇಲೆ, 2023ರಲ್ಲಿ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ತಂದರು. ಅಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ಬಿದಿರು ಕೋಲಿನ ಭಾಗ ಹೇಳುವಾಗ ಮೇಷ್ಟ್ರ ಎಚ್ಚರಿಕೆಯನ್ನೂ ಸೇರಿಸಿ ಹೇಳಿ. ಇಲ್ಲದಿದ್ದರೆ ಪೊರಕೆ ಕಡ್ಡಿ ಕೈಗೆ ಬರುತ್ತದೆ.

ನಮ್ಮ ಮನೆಯಲ್ಲಿ ಆಯುಧಪೂಜೆ ದಿನ ಸ್ಕೂಟರ್, ಇಳಿಗೆಮಣೆ ಜೊತೆ ಅವನ ಫಾಯಿಲ್‌ಗೂ ಕುಂಕುಮ ಇಡುತ್ತೇವೆ. ಆಮೇಲೆ ಒರೆಸಿ ಇಡಬೇಕು. ಒದ್ದೆ ಕೈಯಲ್ಲಿ ಮುಟ್ಟಿದರೆ ಉಕ್ಕಿಗೆ ತುಕ್ಕು ಹಿಡಿಯುತ್ತದೆ.

ಮಲ್ಲೇಶ್ವರದ ಅಮ್ಮ
ಗುರುವಾರ ರಾತ್ರಿ 9.10

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ನೋವಾಗುತ್ತದೆ ಅಂತ ನಿಜ ಹೇಳಿದೆ. "ಎಷ್ಟು?" ಅಂದಳು. ಜಾಕೆಟ್ ಬದಲು ಸ್ವೆಟರ್ ಹಾಕಿಸಿ ಬೆರಳಿನಿಂದ ಕುಕ್ಕಿ ತೋರಿಸಿದೆ. "ಇಷ್ಟೇನಾ" ಅಂತ ಹೋಗಿಬಿಟ್ಟಳು. ಜರಡಿಯೂ ಆಯಿತು.

ಇನ್ನೆರಡು ಪ್ರಶ್ನೆ. ಅವಳಿಗೆ ಕನ್ನಡಕ ಇದೆ, ತೊಂದರೆ ಆಗುತ್ತದಾ? ಮತ್ತೆ ಮೂರು ಥರದ ಕತ್ತಿ ಇದೆಯಂತೆ, ಯಾವುದು ಅಂತ ನಾವು ಹೇಳಬೇಕಾ?

ವಿಜಯನಗರದ ಅಪ್ಪ
ಗುರುವಾರ ರಾತ್ರಿ 10.30

ಕನ್ನಡಕದ ಮೇಲೆಯೇ ಮಾಸ್ಕ್ ಹಾಕಬಹುದು, ನನ್ನ ಮಗನೂ ಹಾಗೇ ಆಡುವುದು. ಒಡೆಯದ ಪ್ಲಾಸ್ಟಿಕ್ ಲೆನ್ಸ್ ಇರಲಿ, ಹಿಂದೆ ಎಲಾಸ್ಟಿಕ್ ಪಟ್ಟಿ ಕಟ್ಟಿ. ಬೆವರಿಗೆ ಮಂಜಾಗುತ್ತದೆ, ಒರೆಸಲು ಬಟ್ಟೆ ಕೊಟ್ಟು ಕಳಿಸಿ.

ಕತ್ತಿಯನ್ನು ನೀವು ಆರಿಸಬೇಕಿಲ್ಲ, ಹೆಚ್ಚಿನ ಕಡೆ ಚಿಕ್ಕವರಿಗೆ ಫಾಯಿಲ್‌ನಿಂದಲೇ ಶುರು. ಅದರಲ್ಲಿ ತುದಿಯಿಂದ ಎದೆ, ಹೊಟ್ಟೆ, ಬೆನ್ನಿಗೆ ತಾಗಿಸಿದರೆ ಮಾತ್ರ ಅಂಕ. ಎಪೇಯಲ್ಲಿ ತಲೆಯಿಂದ ಕಾಲಿನವರೆಗೆ ಎಲ್ಲಿ ತಾಗಿದರೂ ಅಂಕ, ಇಬ್ಬರೂ ಒಟ್ಟಿಗೆ ತಾಗಿಸಿದರೆ ಇಬ್ಬರಿಗೂ. ಕತ್ತಿಯೂ ಸ್ವಲ್ಪ ಭಾರ, 770 ಗ್ರಾಂವರೆಗೆ. ಸೇಬರ್‌ನಲ್ಲಿ ಸೊಂಟದಿಂದ ಮೇಲೆ, ತಲೆಯೂ ಸೇರಿ, ಅಂಚಿನಿಂದ ಬೀಸಿ ಹೊಡೆಯುವುದೂ ನಡೆಯುತ್ತದೆ. ಭವಾನಿ ದೇವಿಯವರದ್ದು ಅದೇ. ಫಾಯಿಲ್ ಮತ್ತು ಸೇಬರ್‌ನಲ್ಲಿ ಇಬ್ಬರಿಗೂ ಒಟ್ಟಿಗೆ ತಾಗಿದರೆ, ದಾಳಿಯ ಹಕ್ಕು ಯಾರದ್ದಿತ್ತು ಅಂತ ರೆಫರಿ ತೀರ್ಮಾನ ಮಾಡುತ್ತಾರೆ. ಅದು ನನಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು. ಮಗಳಿಗೆ ಈಗಲೇ ಹೇಳಬೇಡಿ.

ಇನ್ನೊಂದು. ಕ್ಲಾಸ್ ನಡೆಯುವಾಗ ಗೋಡೆ ಪಕ್ಕ ಕೂತು ಏನೂ ಕೂಗಬೇಡಿ, "ಹುಷಾರು" ಅಂತಲೂ. ಮಾಸ್ಕ್ ಹಾಕಿದ ಮಗು ದನಿ ಬಂದ ಕಡೆ ಪೂರ್ತಿ ತಲೆ ತಿರುಗಿಸುತ್ತದೆ. ಏಟು ತಲೆಯ ಹಿಂಭಾಗಕ್ಕೆ ಬೀಳುವುದು ಆಗಲೇ.

ಮಲ್ಲೇಶ್ವರದ ಅಮ್ಮ
ಶನಿವಾರ ಮಧ್ಯಾಹ್ನ 2.45

ಹೋಗಿಬಂದೆವು! ಬ್ಯಾಚಿನಲ್ಲಿ ಒಂಬತ್ತು ಮಕ್ಕಳು. ಮುಕ್ಕಾಲು ಗಂಟೆ ಬರೀ ಮುಂದೆ ಹೆಜ್ಜೆ, ಹಿಂದೆ ಹೆಜ್ಜೆ. ಕಾಲುಚೀಲದ ಆಟ ಅಲ್ಲೂ ಬಂತು, ಎಲ್ಲರಿಗಿಂತ ಮೊದಲು ಹಿಡಿದಳು. ಕೊನೆಯ ಹದಿನೈದು ನಿಮಿಷ ಮಾಸ್ಕ್, ಜಾಕೆಟ್ ಹಾಕಿಸಿ, ಬಾಗುವ ಪ್ಲಾಸ್ಟಿಕ್ ಫಾಯಿಲ್ ಕೊಟ್ಟರು. ತಲೆ ಆಡಿಸಿ ಕುಪ್ಪಳಿಸಿದಳು. ಮಾಸ್ಕ್ ಅಲುಗಿತು. ಅವಳೇ ಕೋಚ್‌ಗೆ ಹೇಳಿ ಬದಲಾಯಿಸಿಕೊಂಡಳು.

ಅವಳಿಗೆ ಎರಡು ಸಲ ತಾಗಿತು. ಎರಡು ಸಲವೂ ಕೈ ಎತ್ತಿ ಹೇಳಿದಳು, ಅಳಲಿಲ್ಲ. ಆಮೇಲೆ ಅವಳ ತುದಿ ಎದುರಿನ ಪುಟ್ಟ ಹುಡುಗನ ಎದೆಗೆ ತಾಗಿತು. ಅವನು "ತಾಗಿತು" ಅಂದ. ಇವಳು ಅಲ್ಲೇ ನಿಂತುಬಿಟ್ಟಳು. ಮಾಸ್ಕ್ ತೆಗೆದಾಗ ಕಣ್ಣೆಲ್ಲ ಕೆಂಪು. ಆಟೋದಲ್ಲಿ ಪೂರ್ತಿ ದಾರಿ ಒಂದೇ ಮಾತು: "ಅವನಿಗೆ ನೋವಾಯ್ತಲ್ಲ ಅಮ್ಮ, ನಾನೇ ಮಾಡಿದ್ದು." ಏಟು ತಿನ್ನುವುದಕ್ಕೆ ಅವಳನ್ನು ಎಷ್ಟೊಂದು ತಯಾರು ಮಾಡಿದ್ದೆ. ಇದನ್ನು ಯೋಚಿಸಿರಲೇ ಇಲ್ಲ.

ಎಡಗೈ ಹುಡುಗಿ
ಶನಿವಾರ ಸಂಜೆ 4.20

ಅಯ್ಯೋ ಆಂಟಿ, ಓದಿ ನನಗೂ ಕಣ್ಣು ತುಂಬಿತು. ಇದು ತುಂಬ ಜನಕ್ಕೆ ಆಗುತ್ತದೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ನಾನೂ ಆರು ತಿಂಗಳು ಬೇಕಂತಲೇ ಗುರಿ ತಪ್ಪಿಸುತ್ತಿದ್ದೆ.

ಅವಳನ್ನೇ ಕೇಳಿ: ನಿನಗೆ ತಾಗಿದಾಗ ಆ ಹುಡುಗನ ಮೇಲೆ ಕೋಪ ಬಂತಾ? ಇಲ್ಲ ಅನ್ನುತ್ತಾಳೆ. ಅವನಿಗೂ ಅಷ್ಟೇ ಅಂತ ಹೇಳಿ. ಆಟದ ಮೊದಲು ಕತ್ತಿ ಎತ್ತಿ ಸೆಲ್ಯೂಟ್ ಮಾಡುತ್ತಾರಲ್ಲ, ಅಲ್ಲಿಯೇ ಇಬ್ಬರೂ ಒಪ್ಪಿಕೊಂಡಿರುತ್ತಾರೆ. ನಾನು ಜಾಕೆಟ್ ಹಾಕಿದ್ದೇನೆ, ಮಾಸ್ಕ್ ಹಾಕಿದ್ದೇನೆ, ನೀನು ತಾಗಿಸಬಹುದು. ನನ್ನ ಕೋಚ್ ನನಗೆ ಹೇಳಿಕೊಟ್ಟದ್ದು ಹೀಗೆ. ಮುಗಿದ ಮೇಲೆ ಹೋಗಿ ಕೈ ಕುಲುಕಲಿ, "ಜೋರಾಗಿ ತಾಗಿತಾ?" ಅಂತ ಕೇಳಲಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಜೋರಾಗಿ ತಾಗುತ್ತಿದ್ದರೆ ಅವಳು ತುಂಬ ಹತ್ತಿರ ನಿಂತಿದ್ದಾಳೆ ಅಂತ ಅರ್ಥ, ಅದನ್ನು ಕೋಚ್ ತಿದ್ದುತ್ತಾರೆ. ದೂರದಿಂದ ಚಾಚಿ, ತುದಿ ಮಾತ್ರ ಇಡುವುದೇ ಒಳ್ಳೆಯ ಆಟ. ಮೆದು ಕೈಯವರಿಗೆ ಅದು ಬೇಗ ಬರುತ್ತದೆ.

ಜೆ.ಪಿ. ನಗರದ ಅಕ್ಕ
ಶನಿವಾರ ಸಂಜೆ 6.00

ಮಾಸ್ಕ್ ತಾನೇ ಕೇಳಿ ಬದಲಾಯಿಸಿಕೊಂಡಳಲ್ಲ, ಅಷ್ಟು ಸಾಕು ತಂಗಿ. ವಯಸ್ಸಿನ ಬಗ್ಗೆ ನಾನು ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ನಮ್ಮವನಿಗೆ ಈಗ ಒಂಬತ್ತು. ಆ ಕ್ಲಾಸ್ ಎಲ್ಲಿ ಅಂತ ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ.

ಮಲ್ಲೇಶ್ವರದ ಅಮ್ಮ
ಶನಿವಾರ ರಾತ್ರಿ 8.30

ಮೆಸೇಜ್ ಮಾಡಿದ್ದೇನೆ ಅಕ್ಕ. ಕೋಪ ಬಂತಾ ಅಂತ ಕೇಳಿದೆ. ತುಂಬ ಹೊತ್ತು ಯೋಚಿಸಿ "ಇಲ್ಲ, ಖುಷಿ ಆಯ್ತು, ಅವನು ಚೆನ್ನಾಗಿ ತಾಗಿಸಿದ" ಅಂದಳು. ಈಗ ಹಜಾರದಲ್ಲಿ ಅಜ್ಜಿಗೆ ಸೆಲ್ಯೂಟ್ ಕಲಿಸುತ್ತಿದ್ದಾಳೆ. ಅಜ್ಜಿ ಕೈಯಲ್ಲಿ ಸೌಟು ಇತ್ತು. ಮಾಸ್ಕ್ ಇಲ್ಲ ಅಂತ ಅದನ್ನು ಕೆಳಗೆ ಇಡಿಸಿದಳು.